ಲಾಕ್‌ಡೌನ್ ಮುಗಿಯುವವರೆಗೆ ಕಿಟ್ ಕಾರ್ ಕೂಟವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?

ಮಿಡ್‌ಲ್ಯಾಂಡ್ಸ್ ಕನ್ನಡಿಗ
18 ಏಪ್ರಿಲ್ 2020

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನಲ್ಲಿ ನೆಲೆಸಿ, ಸ್ವಂತ ಕೈಯಿಂದ ಕಾರು ಕಟ್ಟುವ ಗೀಳು ಹತ್ತಿಸಿಕೊಂಡಿರುವ ಕನ್ನಡಿಗರು ಇಲ್ಲಿ ಕೆಲವರಿದ್ದಾರೆಂದು ತಿಳಿದು ಈ ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ಈ ವಿಷಯ ಹೊಸದಾಗಿರುವವರಿಗಾಗಿ ಒಂದು ಮಾತು: ಕಿಟ್ ಕಾರ್ ಎಂದರೆ ಚಾಸಿ (ಕಾರಿನ ಕೆಳಚೌಕಟ್ಟು) ಮತ್ತು ಫೈಬರ್‌ಗ್ಲಾಸ್ ಅಥವಾ ಅಲ್ಯುಮಿನಿಯಂ ಬಾಡಿಯನ್ನು ತಯಾರಕರಿಂದ ಕೊಂಡು, ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಮುಂತಾದವನ್ನು ಹಳೆಯ ಕಾರೊಂದರಿಂದ ಬಿಚ್ಚಿ ತಂದು, ಮನೆಯ ಗ್ಯಾರೇಜಿನಲ್ಲಿಯೇ ಜೋಡಿಸುವ ವಾಹನ. ನಾನು ಕಟ್ಟುತ್ತಿರುವುದು ಲೋಟಸ್ ಸೆವೆನ್ ಎಂಬ ಹಗುರ, ಎರಡು ಆಸನದ ತೆರೆದ ಸ್ಪೋರ್ಟ್ಸ್ ಕಾರಿನ ಮಾದರಿಯದು. ಅದಕ್ಕೆ ಅಂಗಾಂಗ ಕೊಟ್ಟದ್ದು ಒಂದು ಮುದಿ ಫೋರ್ಡ್ ಸಿಯೆರಾ.

ನಮ್ಮ ಊರಿನ ಸುತ್ತಮುತ್ತಲಿನ ಕಿಟ್ ಕಾರ್ ಕಟ್ಟುವವರದ್ದೊಂದು ಸಣ್ಣ ಕೂಟವಿದೆ. ತಿಂಗಳಿಗೊಮ್ಮೆ ಹಳ್ಳಿಯ ಪಬ್ಬೊಂದರ ಅಂಗಳದಲ್ಲಿ ಕಾರುಗಳನ್ನು ನಿಲ್ಲಿಸಿ, ಬಾನೆಟ್ ಎತ್ತಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಹೊಗಳುತ್ತಲೋ ಹಳಿಯುತ್ತಲೋ ಸಂಜೆ ಕಳೆಯುವುದು ನಮ್ಮ ರೂಢಿಯಾಗಿತ್ತು. ಕೊರೋನಾ ಕಾರಣಕ್ಕೆ ಮಾರ್ಚ್ 23ರಂದು ಇಲ್ಲಿನ ಪ್ರಧಾನಿಯವರು ಮನೆಯಲ್ಲೇ ಇರಬೇಕೆಂದು ಘೋಷಿಸಿದ ಮೇಲೆ ಅದು ನಿಂತಿತು. ಮೇ ತಿಂಗಳ ಮೊದಲ ವಾರದ ಸ್ಟೋನ್‌ಲೀ ಕಿಟ್ ಕಾರ್ ಪ್ರದರ್ಶನಕ್ಕಾಗಿ ಚಳಿಗಾಲವಿಡೀ ಕೆಲಸ ಮಾಡಿದವರಿಗೆ ಈಗ ಆ ಗಡುವೂ ಇಲ್ಲ. ನನ್ನ ಕಾರಿನ ಐವಿಎ ಪರೀಕ್ಷೆಯೂ (ಮನೆಯಲ್ಲಿ ಕಟ್ಟಿದ ಕಾರು ಸುರಕ್ಷಿತವೇ ಎಂದು ಸರ್ಕಾರ ಮಾಡುವ ತಪಾಸಣೆ) ಮುಂದಕ್ಕೆ ಹೋಗಿದೆ. ಆ ಪರೀಕ್ಷೆಯಾಗದೆ ನೋಂದಣಿಯಿಲ್ಲ, ನೋಂದಣಿಯಾಗದೆ ರಸ್ತೆಯಿಲ್ಲ.

ಕೂಟದಲ್ಲಿ ಹೆಚ್ಚಿನವರು ನಿವೃತ್ತರು. ಎಪ್ಪತ್ತು ದಾಟಿದವರು ವಿಶೇಷವಾಗಿ ಎಚ್ಚರದಿಂದಿರಬೇಕೆಂದು ಸರ್ಕಾರ ಹೇಳಿರುವುದರಿಂದ ಅವರು ಅಂಗಡಿಗೂ ಹೋಗುತ್ತಿಲ್ಲ. ಗುರುವಾರ ಸಂಜೆ ಜೂಮ್‌ನಲ್ಲಿ ಸೇರುವ ಏರ್ಪಾಡು ಮಾಡಿದೆವು. ಆದರೆ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಆಸ್ಪತ್ರೆ, ಸಾವಿನ ಸಂಖ್ಯೆ, ಸರ್ಕಾರದ ತಪ್ಪುಒಪ್ಪುಗಳತ್ತಲೇ ಹೊರಳುತ್ತದೆ. ಸಮಾಧಾನಕ್ಕೆಂದು ಬಂದವರು ಬಂದಾಗಿನದಕ್ಕಿಂತ ಹೆಚ್ಚು ಕುಗ್ಗಿ ಎದ್ದುಹೋಗುತ್ತಾರೆ. ಒಂದಿಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಹಾಗೆಂದು ಆ ವಿಷಯವನ್ನು ಎತ್ತಲೇಬಾರದು ಎನ್ನುವುದೂ ನಿರ್ದಯವಾದೀತು. ನಿಮ್ಮ ನಿಮ್ಮ ಕೂಟಗಳಲ್ಲಿ ಏನು ಮಾಡುತ್ತಿದ್ದೀರಿ? ಇಂಟರ್ನೆಟ್ ಒಗ್ಗದ ಹಿರಿಯರನ್ನು ಹೇಗೆ ಜೊತೆಗಿಟ್ಟುಕೊಂಡಿದ್ದೀರಿ? ತಿಂಗಳುಗಟ್ಟಲೆ ನಿಲ್ಲಲಿರುವ ಕಾರುಗಳ ಬಗ್ಗೆ ಅವರಿಗೆ ಏನು ಹೇಳಬೇಕು?


ಸರ್ರೆಯ ರಿವೆಟ್ ರಾಯ
19 ಏಪ್ರಿಲ್ 2020

ನಮಸ್ಕಾರ. ನಿಮ್ಮ ಕೂಟದ ಪಾಡು ನಮ್ಮಲ್ಲಿಯೂ ಇತ್ತು. ಪಬ್ಬಿನ ಅಂಗಳದಲ್ಲಿ ನಮ್ಮ ಮಾತಿಗೆ ವಿಷಯವನ್ನು ಒದಗಿಸುತ್ತಿದ್ದುದು ಎದುರಿಗೆ ನಿಂತ ಕಾರು. ಅದನ್ನು ತೆಗೆದುಹಾಕಿ ಹತ್ತು ಮುಖಗಳನ್ನು ಮಾತ್ರ ಪರದೆಯ ಮೇಲೆ ಜೋಡಿಸಿದರೆ ಉಳಿಯುವುದು ಸುದ್ದಿಯೇ. ಆದ್ದರಿಂದ ನಾವು ಮಾಡಿದ ಮೊದಲ ನಿಯಮವೆಂದರೆ, ಯಾರೂ ಸೋಫಾದ ಮೇಲೆ ಕುಳಿತು ಕರೆಗೆ ಸೇರಬಾರದು. ಗ್ಯಾರೇಜಿನಿಂದ ಸೇರಬೇಕು, ಕ್ಯಾಮೆರಾ ಮುಖದತ್ತ ಅಲ್ಲ, ಕೆಲಸದತ್ತ ಇರಬೇಕು. ಕಾರು ಇಲ್ಲದವರು ಅಡುಗೆಮನೆಯ ಮೇಜಿನ ಮೇಲೆ ಒಂದು ಕಾರ್ಬುರೇಟರನ್ನಾದರೂ ಬಿಚ್ಚಿಟ್ಟುಕೊಂಡು ಕುಳಿತುಕೊಳ್ಳಲಿ. (ಮನೆಯಾಕೆಯ ಒಪ್ಪಿಗೆ ಪಡೆಯುವ ಹೊಣೆ ಅವರವರದೇ.)

ಎರಡನೆಯದಾಗಿ, ಪ್ರತಿ ಸಲಕ್ಕೂ ಒಂದೇ ಒಂದು ವಿಷಯವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ನಿಮ್ಮ ಐವಿಎ ಮುಂದಕ್ಕೆ ಹೋಗಿದೆಯೆಂದು ಬರೆದಿದ್ದೀರಿ. ಅದನ್ನೇ ಬಂಡವಾಳ ಮಾಡಿಕೊಳ್ಳಬಹುದು. ನಮ್ಮಲ್ಲಿ ಪರೀಕ್ಷೆಗೆ ಕಾದಿದ್ದ ಒಬ್ಬರ ಕಾರನ್ನು ಉಳಿದವರೆಲ್ಲ ಪರೀಕ್ಷಕರಾಗಿ ವಿಡಿಯೋ ಮೂಲಕ ತಪಾಸಣೆ ಮಾಡಿದೆವು. ಮಾಲೀಕರು ಫೋನ್ ಹಿಡಿದು ಕಾರಿನ ಸುತ್ತ ನಿಧಾನವಾಗಿ ನಡೆಯಬೇಕು, ನಾವು ತಕರಾರು ಎತ್ತಬೇಕು. ಹೊರಮೈಯಲ್ಲಿ ದೇಹಕ್ಕೆ ತಗುಲಬಹುದಾದ ಅಂಚುಗಳ ದುಂಡು 2.5 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬ ನಿಯಮವೊಂದೇ ಸಾಕು, ಒಂದು ಸಂಜೆ ಕಳೆಯುವುದಕ್ಕೆ: ಮಡ್‌ಗಾರ್ಡಿನ ಅಂಚು, ಹೊರಗೆ ಚಾಚಿದ ಬೋಲ್ಟಿನ ತಲೆ, ಸಸ್ಪೆನ್ಷನ್ ಕೈಗಳ ಬ್ರಾಕೆಟ್, ಎಲ್ಲಿ ರಬ್ಬರ್ ಪಟ್ಟಿ ಬೇಕು, ಎಲ್ಲಿ ಪ್ಲಾಸ್ಟಿಕ್ ಟೋಪಿ ಬೇಕು ಎಂದು ಒಬ್ಬೊಬ್ಬರದೂ ಒಂದೊಂದು ವಾದ. ಹಿಂದಿನ ಫಾಗ್ ದೀಪ ನಡುವೆ ಅಥವಾ ಚಾಲಕನ ಬದಿಗೆ ಇದೆಯೇ, ತಿರುಗಿಸಿ ಬಿಟ್ಟ ಸ್ಟಿಯರಿಂಗ್ ತಾನಾಗಿ ನಡುವಿನತ್ತ ಮರಳುತ್ತದೆಯೇ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆಯೇ ಎಂಬುದನ್ನೆಲ್ಲ ಮುಂದಿನ ಸಂಜೆಗಳಿಗೆ ಹಂಚಿಟ್ಟಿದ್ದೇವೆ. ಕೊನೆಯ ಎರಡನ್ನು ಮನೆಯಂಗಳದಲ್ಲಿ ಪೂರ್ಣವಾಗಿ ಪರೀಕ್ಷಿಸಲಾಗದು, ನಿಜ. ಆದರೆ ಸೆವೆನ್ ಮಾದರಿಯ ಹಗುರ ಮೂತಿಯಲ್ಲಿ ಸ್ಟಿಯರಿಂಗ್ ಏಕೆ ಸೋಮಾರಿಯಾಗುತ್ತದೆ, ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಓರೆ) ಮತ್ತು ಚಕ್ರಗಳ ಟೋ ಅಳತೆಯನ್ನು (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಹೇಗೆ ಹೊಂದಿಸಬಹುದು ಎಂಬ ಚರ್ಚೆಗೆ ರಸ್ತೆ ಬೇಕಾಗಿಲ್ಲ. ತಪ್ಪು ಹುಡುಕುವ ಅಧಿಕಾರ ಸಿಕ್ಕಿದಾಗ ನಮ್ಮ ಹಿರಿಯರಲ್ಲಿ ಬರುವ ಉತ್ಸಾಹವನ್ನು ನೀವು ಕಣ್ಣಾರೆ ನೋಡಬೇಕು.

ಮೂರನೆಯದು ರಸಪ್ರಶ್ನೆ. ಇದರಲ್ಲಿ ಬರೀ ಇಸವಿ ಕೇಳಿದರೆ ಎಲ್ಲರೂ ಆಕಳಿಸುತ್ತಾರೆ. ಉತ್ತರದ ಹಿಂದೆ ಕಥೆಯಿರುವಂಥದ್ದನ್ನು ಕೇಳಬೇಕು. ಉದಾಹರಣೆಗೆ, 1973ರಲ್ಲಿ ಬ್ರಿಟನ್ನಿನ ಕಿಟ್ ಕಾರ್ ಉದ್ಯಮಕ್ಕೆ ಏಟು ಬಿದ್ದದ್ದೇಕೆ? ಅಲ್ಲಿಯವರೆಗೆ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳಾಗಿ ಕೊಂಡರೆ ಇರಲಿಲ್ಲ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸೆವೆನ್ 1957ರಿಂದ ಅಷ್ಟೊಂದು ಮನೆಗಳ ಗ್ಯಾರೇಜಿಗೆ ನುಗ್ಗಿದ್ದಕ್ಕೆ ಇದೂ ಒಂದು ಕಾರಣ. 1973ರ ಏಪ್ರಿಲ್ 1ರಿಂದ ಬಿಡಿಭಾಗಗಳಿಗೂ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂದು ಆ ಉಳಿತಾಯ ಮಾಯವಾಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ನಮ್ಮ ಸರ್ರೆಯ ಕೇಟರಂ ಸಂಸ್ಥೆಯ ಪಾಲಾಗಿ, ಕಾರು ಬದುಕಿಕೊಂಡಿತು. ಈ ಒಂದು ಪ್ರಶ್ನೆಗೆ ನಮ್ಮ ಹಿರಿಯ ಸದಸ್ಯರೊಬ್ಬರು ತಾವು ಅರವತ್ತರ ದಶಕದಲ್ಲಿ ಪೆಟ್ಟಿಗೆಗಳನ್ನು ಬಿಡಿಸಿದ ದಿನವನ್ನು ಅರ್ಧ ಗಂಟೆ ವರ್ಣಿಸಿದರು, ಉಳಿದ ಪ್ರಶ್ನೆಗಳು ಹಾಗೆಯೇ ಉಳಿದವು. ಅದೇ ನಮಗೂ ಬೇಕಿದ್ದದ್ದು.

ಕಾಯಿಲೆಯ ವಿಷಯವನ್ನು ನಾವು ನಿಷೇಧಿಸಿಲ್ಲ. ಮೊದಲ ಹತ್ತು ನಿಮಿಷ ಯಾರಿಗೆ ಏನು ಹೇಳಬೇಕೋ ಹೇಳಿಬಿಡಲಿ, ಕೇಳೋಣ; ಆಮೇಲೆ ಕಾರು. ಜೂಮ್‌ನ ಉಚಿತ ಕರೆ 40 ನಿಮಿಷಕ್ಕೆ ಕಡಿದುಹೋಗುವುದೂ ಒಂದು ಅನುಕೂಲವೇ. ಮಧ್ಯೆ ಎದ್ದು ಚಹಾ ಮಾಡಿಕೊಂಡು, ಮತ್ತೆ ಸೇರಿದಾಗ ಮಾತು ಹೊಸದಾಗಿ ಶುರುವಾಗುತ್ತದೆ. ಗುರುವಾರವೇ ಸೇರುವುದಾದರೆ ರಾತ್ರಿ ಎಂಟು ಗಂಟೆಯ ಚಪ್ಪಾಳೆಯ ನಂತರ ಇಟ್ಟುಕೊಳ್ಳಿ. ಬಾಗಿಲಿಗೆ ಹೋಗಿ ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿ, ನೆರೆಯವರ ಮುಖ ನೋಡಿ ಬಂದವರ ಮನಸ್ಸು ಸ್ವಲ್ಪ ಹಗುರವಾಗಿರುತ್ತದೆ.


ಕಾರ್ಡಿಫ್‌ನಿಂದ ಒಬ್ಬಳು
19 ಏಪ್ರಿಲ್ 2020

ಮೇಲಿನವರು ಹೇಳಿದ್ದು ಇಂಟರ್ನೆಟ್ಟಿಗೆ ಬರುವವರಿಗೆ ಸರಿ. ನಿಮ್ಮ ಎರಡನೆಯ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕೂಟದಲ್ಲಿ ಪರದೆಯನ್ನು ಕಂಡರಾಗದ ಹಿರಿಯರು ಹಲವರಿದ್ದಾರೆ, ಅವರಲ್ಲಿ ಕೆಲವರು ಒಂಟಿಯಾಗಿರುವವರು. ಅವರಿಗೆ ಸರದಿಯಂತೆ ಫೋನ್ ಮಾಡುತ್ತೇವೆ. ಇದರಲ್ಲಿ ಒಂದು ಸೂಕ್ಷ್ಮವಿದೆ: "ಹೇಗಿದ್ದೀರಿ?" ಎಂದು ಕೇಳಿದರೆ "ಚೆನ್ನಾಗಿದ್ದೇನೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ದೇಶದ ಆ ತಲೆಮಾರಿನ ಗಂಡಸರು ತಮ್ಮ ಕಷ್ಟವನ್ನು ಹೇಳಿಕೊಳ್ಳುವವರಲ್ಲ. ಅವರಿಂದ ಸಹಾಯ ಕೇಳಬೇಕು. ನನ್ನ ಯಜಮಾನರು ಎಂಜಿನ್ನಿನ ವಾಲ್ವ್ ಅಂತರ ಹೊಂದಿಸುವುದು ಹೇಗೆಂದು ಒಬ್ಬ ಹಿರಿಯರಿಗೆ ಫೋನ್ ಮಾಡಿದರು. ಉತ್ತರ ನಮ್ಮ ಯಜಮಾನರಿಗೆ ಮೊದಲೇ ಗೊತ್ತಿತ್ತು, ಆ ಮಾತು ಬೇರೆ. ಆ ಹಿರಿಯರು ಮರುದಿನ ತಾವಾಗಿಯೇ ಕರೆ ಮಾಡಿ, ಫೀಲರ್ ಗೇಜು (ಸಣ್ಣ ಸಂದುಗಳನ್ನು ಅಳೆಯುವ ತೆಳು ಪಟ್ಟಿಗಳ ಸಾಧನ) ಹಿಡಿಯುವ ರೀತಿಯನ್ನು ಮತ್ತೊಮ್ಮೆ ವಿವರಿಸಿದರು. ಅಂದಿನಿಂದ ವಾರಕ್ಕೊಮ್ಮೆ ಅವರೇ ಕರೆ ಮಾಡಿ ನಮ್ಮ ಕೆಲಸದ ಪ್ರಗತಿಯನ್ನು ವಿಚಾರಿಸುತ್ತಾರೆ, ನಿಧಾನವಾದರೆ ಗದರುತ್ತಾರೆ ಕೂಡ.

ಇನ್ನೊಂದು, ಕೂಟದ ಪತ್ರಿಕೆಯಿದ್ದರೆ ಅದನ್ನು ಕಾಗದದಲ್ಲಿ ಮುದ್ರಿಸಿ ಅಂಚೆಯಲ್ಲಿ ಕಳುಹಿಸುವುದನ್ನು ನಿಲ್ಲಿಸಬೇಡಿ. ಖರ್ಚು ಉಳಿಸಲು ಇದು ಕಾಲವಲ್ಲ.

ರಸಪ್ರಶ್ನೆಗೆ ನಮ್ಮ ವೇಲ್ಸ್‌ನ ಕಡೆಯಿಂದ ಒಂದನ್ನು ಸೇರಿಸಿಕೊಳ್ಳಿ: ಒಬ್ಬ ಮಾಂಸದ ವ್ಯಾಪಾರಿಯೂ ಒಬ್ಬ ಜರ್ಮನ್ ಎಂಜಿನಿಯರೂ ಸೇರಿ, ತಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಹುಟ್ಟುಹಾಕಿದ ಕಾರು ಯಾವುದು? ಗಿಲ್‌ಬರ್ನ್. ಜೈಲ್ಸ್ (Giles) ಸ್ಮಿತ್ ಮತ್ತು ಬರ್ನಾರ್ಡ್ (Bernard) ಫ್ರೀಸ. ಇಲ್ಲಿಗೆ ಹತ್ತಿರದ ಲ್ಯಾಂಟ್ವಿಟ್ ಫಾರ್ಡರ್‌ನಲ್ಲಿ 1959ರಿಂದ ತಯಾರಾಗಿ, ಬಹುಪಾಲು ಕಿಟ್ ರೂಪದಲ್ಲೇ ಮಾರಾಟವಾಗಿ, ಅದೂ 1973ರಲ್ಲೇ ನಿಂತಿತು.


ಬ್ರಿಸ್ಟಲ್ ಸ್ಪ್ಯಾನರ್
21 ಏಪ್ರಿಲ್ 2020

ನಿಂತ ಕಾರುಗಳ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಎಲ್ಲ ಕಡೆಯೂ ಒಂದು ತಪ್ಪು ಸಲಹೆ ಓಡಾಡುತ್ತಿದೆ: "ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸಿ" ಎಂಬುದು. ದಯವಿಟ್ಟು ಹಾಗೆ ಮಾಡಬೇಡಿ. ತಣ್ಣಗಿರುವ ಎಂಜಿನ್ ಐದು ನಿಮಿಷದಲ್ಲಿ ಪೂರ್ತಿ ಬಿಸಿಯಾಗುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಸೈಲೆನ್ಸರಿನಲ್ಲಿಯೂ ಎಂಜಿನ್ ಆಯಿಲ್‌ನಲ್ಲಿಯೂ ಕುಳಿತು ತುಕ್ಕಿಗೂ ಕೆಸರಿಗೂ ದಾರಿಯಾಗುತ್ತದೆ. ಸ್ಟಾರ್ಟರ್ ಎಳೆದುಕೊಂಡ ವಿದ್ಯುತ್ತೂ ಆ ಅಲ್ಪ ಅವಧಿಯಲ್ಲಿ ಬ್ಯಾಟರಿಗೆ ಮರಳುವುದಿಲ್ಲ. ಚಾಲೂ ಮಾಡುವುದಾದರೆ ರೇಡಿಯೇಟರ್ ಫ್ಯಾನ್ ತಿರುಗುವಷ್ಟು ಬಿಸಿಯಾಗುವವರೆಗೆ, ಗ್ಯಾರೇಜಿನಿಂದ ಹೊರಗೆ ತಂದು, ಓಡಿಸಬೇಕು, ಇಲ್ಲವಾದರೆ ಮುಟ್ಟಬಾರದು.

ಬ್ಯಾಟರಿಗೆ ನಿರಂತರ ಹದ ಕಾಯುವ ಸಣ್ಣ ಚಾರ್ಜರ್ ಜೋಡಿಸುವುದು ಉತ್ತಮ. ಅದಿಲ್ಲದಿದ್ದರೆ ನೆಗೆಟಿವ್ ತಂತಿಯನ್ನು ಕಳಚಿಡಿ, ಆಗಾಗ ಮೀಟರ್ ಹಿಡಿದು ನೋಡಿ: ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.4ಕ್ಕೆ ಇಳಿದರೆ ಚಾರ್ಜ್ ಮಾಡುವ ಹೊತ್ತು. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಡ್ರಮ್ಮಿಗೆ ಲೈನಿಂಗ್ ಅಂಟಿಕೊಳ್ಳುತ್ತದೆ. ಚಕ್ರಗಳಿಗೆ ಮರದ ತುಂಡು ಕೊಡಿ. ಕ್ಲಚ್ ಪ್ಲೇಟೂ ಫ್ಲೈವೀಲಿಗೆ ಕಚ್ಚಿಕೊಳ್ಳುವುದುಂಟು, ಆದ್ದರಿಂದ ಗ್ಯಾರೇಜಿಗೆ ಹೋದಾಗಲೆಲ್ಲ ಪೆಡಲನ್ನು ಕೆಲವು ಸಲ ತುಳಿಯಿರಿ. ಟಯರಿನ ಗಾಳಿ ಸ್ವಲ್ಪ ಹೆಚ್ಚಿಸಿ, ಕಾರನ್ನು ಅಂಗೈಯಗಲ ಮುಂದಕ್ಕೋ ಹಿಂದಕ್ಕೋ ದೂಡಿ. ಕಿಟ್ ಕಾರುಗಳ ಅನುಕೂಲವೆಂದರೆ ಅವುಗಳನ್ನು ಒಬ್ಬರೇ ದೂಡಬಹುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಅದನ್ನು ಬದಲಿಸುವುದನ್ನು ಮುಂದೂಡುತ್ತ ಬಂದವರಿಗೆ ಇನ್ನು ನೆಪವಿಲ್ಲ.

ಕಾಗದಪತ್ರದ ಬಗ್ಗೆ: 2020ರ ಮಾರ್ಚ್ 30 ಅಥವಾ ಆನಂತರ ಮುಗಿಯುವ ಎಂಓಟಿ ಪತ್ರಗಳಿಗೆ (ಕಾರು ರಸ್ತೆಗೆ ಯೋಗ್ಯವೆಂಬ ವಾರ್ಷಿಕ ಪರೀಕ್ಷೆಯ ಪತ್ರ) ಸರ್ಕಾರ ಆರು ತಿಂಗಳ ವಿಸ್ತರಣೆ ಕೊಟ್ಟಿದೆ. ಆದರೆ ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಮಾಲೀಕರ ಮೇಲೆಯೇ ಇದೆ. ಹಲವರು ಕಾರನ್ನು ರಸ್ತೆಯಿಂದ ಹೊರಗಿಟ್ಟಿರುವುದಾಗಿ ಘೋಷಿಸಿ, ಅಂದರೆ ಸಾರ್ನ್ ಮಾಡಿ, ಪೂರ್ತಿ ಉಳಿದಿರುವ ತಿಂಗಳುಗಳ ರಸ್ತೆ ತೆರಿಗೆಯನ್ನು ಹಿಂಪಡೆಯುತ್ತಿದ್ದಾರೆ. ಸ್ವಂತ ಗ್ಯಾರೇಜು ಅಥವಾ ಅಂಗಳವಿದ್ದರೆ ಮಾತ್ರ ಇದು ಸರಿ. ಹಾಗೆ ಘೋಷಿಸಿದ ಕಾರನ್ನು ಬೀದಿಬದಿಯಲ್ಲಿ ನಿಲ್ಲಿಸುವುದೂ ಅಪರಾಧ. ವಿಮೆಯನ್ನು ಮಾತ್ರ ಪೂರ್ತಿ ರದ್ದು ಮಾಡಬೇಡಿ, ಕಳ್ಳತನಕ್ಕೂ ಬೆಂಕಿಗೂ ಲಾಕ್‌ಡೌನ್ ಇಲ್ಲ.

ಮನೋಬಲದ ಮಾತಿಗೆ ಇದೆಲ್ಲ ಏನು ಸಂಬಂಧ ಎಂದು ಕೇಳಬಹುದು. ಈ ಕೆಲಸಗಳನ್ನು ಒಂದೇ ದಿನ ಮುಗಿಸಬೇಡಿ ಎಂದು ನಿಮ್ಮ ಹಿರಿಯರಿಗೆ ಹೇಳಿ. ಸೋಮವಾರ ಬ್ಯಾಟರಿ, ಬುಧವಾರ ಟಯರ್, ಶನಿವಾರ ಬ್ರೇಕ್. ಬೆಳಿಗ್ಗೆ ಎದ್ದು ಬಟ್ಟೆ ಬದಲಿಸಿ ಗ್ಯಾರೇಜಿನ ಬಾಗಿಲು ತೆರೆಯುವುದಕ್ಕೆ ಒಂದು ಕಾರಣ ಬೇಕಷ್ಟೆ.


ಜಯನಗರದ ಓದುಗ
22 ಏಪ್ರಿಲ್ 2020

ಬೆಂಗಳೂರಿನಿಂದ ನಮಸ್ಕಾರ. ನಮ್ಮಲ್ಲಿ ಮಾರ್ಚ್ 25ರಿಂದ ಎಲ್ಲವೂ ಬಂದ್ ಆಗಿದೆ. ನನ್ನ ಮಗಳ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಸ್ಪರ್ಧೆಗೆಂದು ಕಟ್ಟುತ್ತಿದ್ದ ಸಣ್ಣ ರೇಸ್ ಕಾರು ವರ್ಕ್‌ಶಾಪಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದೆ, ವಿದ್ಯಾರ್ಥಿಗಳು ಊರೂರಿಗೆ ಚದುರಿಹೋಗಿದ್ದಾರೆ. ಅವರ ಮಾತುಕತೆಯೂ ಮೊದಲು ನಿಮ್ಮಂತೆಯೇ ಸೊರಗಿತ್ತು. ಈಗ ಕಾರು ಕೈಗೆ ಸಿಗದಿದ್ದರೂ ಅದರ ವೈರಿಂಗ್ ನಕ್ಷೆಯನ್ನು ಮೊದಲಿನಿಂದ ಮತ್ತೆ ಬರೆಯುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಭಾಗ.

ಬ್ರಿಸ್ಟಲಿನವರ ಎಂಜಿನ್ ಸಲಹೆಯನ್ನು ನಮ್ಮ ಬೀದಿಯವರಿಗೆಲ್ಲ ಓದಿ ಹೇಳಿದೆ. ಇಲ್ಲಿಯೂ ಪ್ರತಿ ಬೆಳಿಗ್ಗೆ ಕಾರುಗಳು ಐದು ನಿಮಿಷ ಗುರುಗುಟ್ಟಿ ಸುಮ್ಮನಾಗುತ್ತಿದ್ದವು. ಒಂದು ವಿನಂತಿ: ಈ ಮಕ್ಕಳಿಗೆ ಐವಿಎ ತಪಾಸಣೆಯ ಸಂಜೆಯನ್ನು ನೋಡಬೇಕೆಂಬ ಆಸೆ. ಗುರುವಾರ ರಾತ್ರಿಯಾದರೆ ನಮಗೆ ನಡುರಾತ್ರಿ ದಾಟುತ್ತದೆ. ಭಾನುವಾರ ನಿಮ್ಮ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟುಕೊಂಡರೆ ನಮಗೆ ಮಧ್ಯಾಹ್ನ ಮೂರೂವರೆ.


ಸರ್ರೆಯ ರಿವೆಟ್ ರಾಯ
22 ಏಪ್ರಿಲ್ 2020

ಮಕ್ಕಳನ್ನು ಖಂಡಿತ ಕರೆತನ್ನಿ. ಆದರೆ ನಮ್ಮ ಹಿರಿಯರು ಪ್ರಶ್ನೆ ಕೇಳುವವರು ಸಿಕ್ಕರೆ ಬಿಡುವವರಲ್ಲ ಎಂಬ ಎಚ್ಚರಿಕೆಯನ್ನು ಮೊದಲೇ ಕೊಟ್ಟಿರಿ. ಮಕ್ಕಳಿಗೆಂದು ಒಂದು ಪ್ರಶ್ನೆ ಇಲ್ಲಿಯೇ ಬಿಡುತ್ತೇನೆ: 1966ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಕಾರು ಓಟದಲ್ಲಿ ಫೋರ್ಡ್‌ನ ದೈತ್ಯ ಕಾರುಗಳು ಗೆದ್ದದ್ದು ಎಲ್ಲರಿಗೂ ಗೊತ್ತು. ಆ ವರ್ಷ ಕೊನೆಯವರೆಗೂ ಓಡಿದ ಏಕೈಕ ಬ್ರಿಟಿಷ್ ಕಾರು ಯಾವುದು, ಅದು ಎಷ್ಟನೆಯದಾಗಿ ಬಂತು?


ಜಯನಗರದ ಓದುಗ
23 ಏಪ್ರಿಲ್ 2020

ಮಿನಿ ಮಾರ್ಕೋಸ್, ಹದಿನೈದನೆಯ ಸ್ಥಾನ. ಮಿನಿಯ ಎಂಜಿನ್ ಮತ್ತು ಚಕ್ರಭಾಗಗಳ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿ, ಕಿಟ್ ರೂಪದಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಕಾರು. ಉತ್ತರ ಮಗಳದ್ದು, ನನ್ನದಲ್ಲ.


ಮಿಡ್‌ಲ್ಯಾಂಡ್ಸ್ ಕನ್ನಡಿಗ
14 ಮೇ 2020

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಕೂಟವನ್ನು ಭಾನುವಾರಕ್ಕೆ ಬದಲಿಸಿದೆವು. ಗ್ಯಾರೇಜಿನಿಂದಲೇ ಸೇರಬೇಕೆಂಬ ನಿಯಮಕ್ಕೆ ಮೊದಲು ಗೊಣಗಾಟವಿತ್ತು. ಇಬ್ಬರ ಗ್ಯಾರೇಜಿಗೆ ವೈಫೈ ತಲುಪುವುದಿಲ್ಲವೆಂಬ ನಿಜವಾದ ತೊಂದರೆಯೂ ಇತ್ತು, ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನನ್ನ ಕಾರಿನ ಮೇಲೆ ನಡೆದ ತಪಾಸಣೆಯಲ್ಲಿ ಎದ್ದ ತಕರಾರುಗಳ ಪಟ್ಟಿ ಎರಡು ಪುಟ ದಾಟಿತು. ಡ್ಯಾಶ್‌ಬೋರ್ಡಿನ ಕೆಳಗಿನ ಅಂಚಿನ ಬಗ್ಗೆ ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಆಕ್ಷೇಪಕ್ಕೆ ನಮ್ಮ ಹಿರಿಯರೆಲ್ಲ ತಲೆದೂಗಿದರು, ನಾನು ಆ ಭಾಗವನ್ನು ಬಿಚ್ಚಿ ಹೊಸದಾಗಿ ಮಾಡುತ್ತಿದ್ದೇನೆ. ಸುದ್ದಿಗೆಂದು ಮೀಸಲಿಟ್ಟ ಹತ್ತು ನಿಮಿಷ ಈಗ ಕೆಲವೊಮ್ಮೆ ಐದಕ್ಕೇ ಮುಗಿಯುತ್ತದೆ. ಒಂದು ಭಾನುವಾರ ಮಾತ್ರ ಅದು ಪೂರ್ತಿ ಸಮಯವನ್ನೂ ತೆಗೆದುಕೊಂಡಿತು, ಒಬ್ಬ ಸದಸ್ಯರ ಸಹೋದರ ತೀರಿಕೊಂಡಿದ್ದರು. ಅಂದು ಕಾರಿನ ಮಾತು ಎತ್ತಲಿಲ್ಲ, ಎತ್ತಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಮುಂದಿನ ವಾರ ಅವರೇ ತಮ್ಮ ಗೇರ್‌ಬಾಕ್ಸನ್ನು ಮೇಜಿನ ಮೇಲಿಟ್ಟುಕೊಂಡು ಬಂದರು.

ಕಾರ್ಡಿಫ್‌ನವರ ಉಪಾಯದಂತೆ ಫೋನ್ ಕರೆಗಳನ್ನು ಹಂಚಿಕೊಂಡಿದ್ದೇವೆ. ಬರುವುದನ್ನು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬರಿಗೆ ಸಿಯೆರಾದ ಡಿಫರೆನ್ಷಿಯಲ್ ಬಗ್ಗೆ ಸಂದೇಹ ಕೇಳಿ ಕರೆ ಮಾಡಿದೆ. ಅವರು ತಮ್ಮಲ್ಲಿದ್ದ ಹಳೆಯ ಬಿಡಿಭಾಗಗಳ ಪಟ್ಟಿಯನ್ನೇ ಓದಿದರು. ಇನ್ನೊಬ್ಬರು ಫೋನ್ ಎತ್ತುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಕರೆ ಮಾಡುವುದನ್ನು ನಿಲ್ಲಿಸಿಲ್ಲ.

ಈಗ ಹೊಸ ತಕರಾರೊಂದು ಹುಟ್ಟಿದೆ. ನಿನ್ನೆಯಿಂದ ಇಂಗ್ಲೆಂಡಿನಲ್ಲಿ ಎಷ್ಟು ದೂರವಾದರೂ ಕಾರಿನಲ್ಲಿ ಹೋಗಿ ಬಯಲಿನಲ್ಲಿ ಅಡ್ಡಾಡಬಹುದು, ಬೇರೆ ಮನೆಯ ಒಬ್ಬರನ್ನು ಎರಡು ಮೀಟರ್ ಅಂತರದಲ್ಲಿ ಭೇಟಿಯಾಗಬಹುದು. ಹಾಗಿರುವಾಗ ಎಲ್ಲರೂ ಕಾರು ತೆಗೆದುಕೊಂಡು ಒಂದೇ ಮೈದಾನಕ್ಕೆ "ಆಕಸ್ಮಿಕವಾಗಿ" ಬಂದರೆ ಏನು ತಪ್ಪು ಎಂದು ಕೆಲವರು ಕೇಳುತ್ತಿದ್ದಾರೆ. ತಪ್ಪೇ ಎಂಬುದು ನನ್ನ ಅಭಿಪ್ರಾಯ: ನಿಯಮ ಒಬ್ಬರನ್ನು ಎಂದರೆ ಒಬ್ಬರನ್ನೇ. ಅಲ್ಲದೆ ಸಾಲಾಗಿ ನಿಂತ ಕಿಟ್ ಕಾರುಗಳ ಹತ್ತಿರಕ್ಕೆ ಜನ ಬಾರದಿರುವುದಿಲ್ಲ. ವೇಲ್ಸ್‌ನಲ್ಲಂತೂ ಈ ಸಡಿಲಿಕೆಯೂ ಇಲ್ಲ, ವ್ಯಾಯಾಮ ಮನೆಯಿಂದಲೇ ಆರಂಭವಾಗಬೇಕು. ಗಡಿ ದಾಟಿ ಅಲ್ಲಿನ ಬೆಟ್ಟದ ರಸ್ತೆಗಳಿಗೆ ಹೋಗುವ ಯೋಚನೆಯನ್ನು ನಮ್ಮವರಲ್ಲಿ ಯಾರೂ ಮಾಡಬಾರದೆಂದು ಕೂಟದ ಪರವಾಗಿ ಪತ್ರವನ್ನೂ ಕಳುಹಿಸಿದ್ದೇನೆ. ಸದ್ಯಕ್ಕೆ ಒಪ್ಪಿಕೊಂಡಿರುವುದು ಇಷ್ಟು: ಒಬ್ಬೊಬ್ಬರೇ ಹೊರಟು, ಬಿಡಿಭಾಗ ಬೇಕಾದವರ ಮನೆಯಂಗಳದಲ್ಲಿ ಅದನ್ನು ಇಟ್ಟು, ದೂರದಿಂದ ಕೈಬೀಸಿ ಬರುವುದು.

ಬರುವ ಭಾನುವಾರ, 17ರಂದು, ವಿಷಯ ಬ್ರೇಕ್ ಪೈಪಿನ ತುದಿಯನ್ನು ಅರಳಿಸುವುದು. ಬ್ರಿಸ್ಟಲಿನವರು ತೋರಿಸಿಕೊಡಲು ಒಪ್ಪಿದ್ದಾರೆ. ತಾಮ್ರ-ನಿಕ್ಕಲ್ ಪೈಪಿನ ತುಂಡೊಂದನ್ನೂ ಅರಳಿಸುವ ಸಾಧನವನ್ನೂ ಹತ್ತಿರ ಇಟ್ಟುಕೊಂಡು ಕುಳಿತುಕೊಳ್ಳಿ. ಸಾಧನ ಇಲ್ಲದವರು ಶುಕ್ರವಾರದೊಳಗೆ ತಿಳಿಸಿದರೆ, ನನ್ನ ಬಳಿ ಹೆಚ್ಚುವರಿಯಾಗಿ ಒಂದಿದೆ, ಅಂಗಳದಲ್ಲಿ ಇಟ್ಟು ಬರುತ್ತೇನೆ.